ಅಡುಗೆಮನೆಯ ನೀರಿನ ಫಿಲ್ಟರ್: ಆಯ್ಕೆ ಮತ್ತು ಬದಲಾವಣೆಯ ಲೆಕ್ಕ

ಬೆಂಗಳೂರಿನ ಒಂದೇ ಬೀದಿಯಲ್ಲಿರುವ ಎರಡು ಮನೆಗಳಿಗೆ ಒಂದೇ ಬಗೆಯ ಫಿಲ್ಟರ್ ಹೊಂದಬೇಕೆಂದೇನೂ ಇಲ್ಲ. ಒಂದು ಮನೆಯ ಸಂಪಿಗೆ ಕಾವೇರಿ ನೀರು ಮಾತ್ರ ಬೀಳುತ್ತದೆ. ಪಕ್ಕದ ಮನೆಯ ಸಂಪಿನಲ್ಲಿ ಅದರ ಜೊತೆ ಕೊಳವೆಬಾವಿಯ ನೀರು ಬೆರೆಯುತ್ತದೆ, ಬೇಸಿಗೆ ಬಂತೆಂದರೆ ಟ್ಯಾಂಕರ್ ನೀರೂ ಸೇರುತ್ತದೆ. ಆದ್ದರಿಂದ ಯಂತ್ರದ ವಿಚಾರಕ್ಕೆ ಹೋಗುವ ಮೊದಲು ನಮ್ಮ ಅಡುಗೆಮನೆಯ ನಲ್ಲಿಗೆ ಯಾವ ನೀರು ಬರುತ್ತಿದೆ, ಅದು ವರ್ಷದ ಯಾವ ತಿಂಗಳಲ್ಲಿ ಹೇಗೆ ಬದಲಾಗುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು.

ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು, ಹಾರೋಹಳ್ಳಿ ಮತ್ತು ತಾತಗುಣಿಯ ಪಂಪಿಂಗ್ ಕೇಂದ್ರಗಳನ್ನು ದಾಟಿ, ಸುಮಾರು 100 ಕಿಲೋಮೀಟರ್ ದೂರ ಸಾಗಿ ನಗರಕ್ಕೆ ಏರಿಬರುತ್ತದೆ. ಅದರಲ್ಲಿ ಕರಗಿರುವ ಲವಣಾಂಶ ಸಾಮಾನ್ಯವಾಗಿ ಕಡಿಮೆ. ಕ್ಲೋರಿನ್ ಸೇರಿಸಿಯೇ ಕಳುಹಿಸುವುದರಿಂದ ರೋಗಾಣುಗಳ ಭಯವೂ ಹೊರಡುವಾಗ ಇರುವುದಿಲ್ಲ. ತೊಂದರೆ ಹುಟ್ಟುವುದು ಹೆಚ್ಚಾಗಿ ಕೊನೆಯ ಹಂತದಲ್ಲಿ: ಹಳೆಯ ಕೊಳವೆಯ ಬಿರುಕಿನಲ್ಲಿ, ವರ್ಷಗಟ್ಟಲೆ ತೊಳೆಯದ ಸಂಪಿನಲ್ಲಿ, ಮುಚ್ಚಳ ಸರಿಯಾಗಿ ಕೂರದ ಮೇಲಿನ ಟ್ಯಾಂಕಿನಲ್ಲಿ. ಕೊಳವೆಬಾವಿಯ ನೀರಿನ ಕಥೆ ಬೇರೆ. ಅದು ಕಲ್ಲಿನ ಪದರಗಳ ನಡುವೆ ದೀರ್ಘಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಒಳಚರಂಡಿಯ ಸೋರಿಕೆ ಇರುವ ಕಡೆ ನೈಟ್ರೇಟ್ ಕೂಡ ಸೇರಿರಬಹುದು.

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಒಟ್ಟು ಘನಪದಾರ್ಥ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ ಅನುಮತಿಯಿದೆ. ಗಡಸುತನಕ್ಕೆ ಈ ಅಂಕೆಗಳು 200 ಮತ್ತು 600. ನೈಟ್ರೇಟ್‌ಗೆ ಮಾತ್ರ ಅಂತಹ ರಿಯಾಯಿತಿಯಿಲ್ಲ: 45 ಮಿಲಿಗ್ರಾಂ ಮೀರಬಾರದು. ಜೇಬಿನಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದರಿಂದ ಲವಣಾಂಶವನ್ನು ಅಂದಾಜಿಸಿ ಒಂದು ಅಂಕೆಯನ್ನು ತೋರಿಸುತ್ತದೆ, ಅಷ್ಟೇ. ಅದು 90 ಎಂದು ತೋರಿಸಿದ ನೀರಿನಲ್ಲಿ ಕಾಮಾಲೆ ತರುವ ವೈರಾಣು ಇರಬಹುದು. 600 ಎಂದು ತೋರಿಸಿದ ನೀರಿನಲ್ಲಿ ಒಂದೂ ರೋಗಾಣು ಇಲ್ಲದಿರಬಹುದು. ಮಾರಾಟಕ್ಕೆ ಬಂದವರು ಮೀಟರನ್ನು ಮುಂದೆ ಹಿಡಿದು ಅಂಕೆ ಇಳಿದದ್ದನ್ನಷ್ಟೇ ತೋರಿಸಿದಾಗ ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕೊಳವೆಬಾವಿಯ ನೀರನ್ನೇ ಕುಡಿಯುವವರು ಒಮ್ಮೆಯಾದರೂ ಪ್ರಯೋಗಾಲಯದಲ್ಲಿ ನೈಟ್ರೇಟ್, ಫ್ಲೋರೈಡ್ ಮತ್ತು ಕೋಲಿಫಾರ್ಮ್ (ಕೊಳಚೆ ಬೆರೆತಿರುವುದನ್ನು ಸೂಚಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಈಗ ಯಾವ ಭಾಗ ಏನು ಮಾಡುತ್ತದೆ ಎಂಬುದನ್ನು ನೋಡೋಣ. ಮೊದಲಿನ ಸೆಡಿಮೆಂಟ್ ಕ್ಯಾಂಡಲ್ ಮಣ್ಣು, ಮರಳು, ತುಕ್ಕನ್ನು ತಡೆಯುತ್ತದೆ. ಕಾರ್ಬನ್ ಕ್ಲೋರಿನ್ನನ್ನೂ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಯುಎಫ್ (ಅಲ್ಟ್ರಾಫಿಲ್ಟ್ರೇಶನ್) ಪೊರೆ ಬ್ಯಾಕ್ಟೀರಿಯಾಗಳನ್ನು ಸೋಸುತ್ತದೆಯೇ ಹೊರತು ಕರಗಿದ ಲವಣವನ್ನು ಮುಟ್ಟುವುದಿಲ್ಲ. ಯುವಿ (ನೇರಳಾತೀತ) ದೀಪದ ಬೆಳಕು ರೋಗಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ, ಆದರೆ ಕದಡಿದ ನೀರಿನಲ್ಲಿ ಬೆಳಕು ತೂರುವುದಿಲ್ಲವಾದ್ದರಿಂದ ನೀರು ದೀಪವನ್ನು ತಲುಪುವ ಮೊದಲು ಸೋಸುವ ಭಾಗ ಇರಲೇಬೇಕು. ಲವಣ, ನೈಟ್ರೇಟ್, ಫ್ಲೋರೈಡ್‌ಗಳನ್ನು ಗಣನೀಯವಾಗಿ ತಗ್ಗಿಸುವುದು ಆರ್‌ಒ (ರಿವರ್ಸ್ ಆಸ್ಮೋಸಿಸ್) ಮೆಂಬ್ರೇನ್ ಎಂಬ ಸೂಕ್ಷ್ಮ ಪೊರೆ; ಲವಣ ಉಳಿದುಕೊಂಡ ನೀರನ್ನು ಅದು ಹೊರಗೆ ಬಿಡುತ್ತದೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ಗಡಸುತನದ ಒಂದು ಪಾಲು ಪಾತ್ರೆಯ ತಳದಲ್ಲಿ ಬಿಳಿ ಪದರವಾಗಿ ಕೂರುತ್ತದೆ. ನೈಟ್ರೇಟ್ ಮಾತ್ರ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಹೀಗಾಗಿ ವರ್ಷವಿಡೀ ಕಾವೇರಿ ನೀರೇ ಬರುವ ಮನೆಗೆ ಕಾರ್ಬನ್, ಯುಎಫ್, ಯುವಿ ಇರುವ ಫಿಲ್ಟರ್ ಸಾಕು. ಅಲ್ಲಿ ಆರ್‌ಒ ಹಾಕುವುದು ನೀರನ್ನು ಪೋಲು ಮಾಡಿದಂತೆಯೇ. ಟಿಡಿಎಸ್ 500ಕ್ಕಿಂತ ಕಡಿಮೆಯಿರುವ ಕಡೆ ಆರ್‌ಒ ಬಳಕೆಯನ್ನು ತಡೆಯುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಸೂಚಿಸಿದ್ದೂ ಈ ಕಾರಣಕ್ಕೆ. ನಮ್ಮ ಮನೆಯಲ್ಲಿ ಕಾವೇರಿ ಬಂದ ದಿನ ಮೀಟರ್ 240 ತೋರಿಸಿದರೆ, ಬೋರ್ ನೀರು ಬೆರೆತ ದಿನ 800 ತೋರಿಸುತ್ತದೆ. ಇಂತಹ ಮನೆಗೆ ಆರ್‌ಒ ಬೇಕಾಗುತ್ತದೆ. ಮಳೆಗಾಲದ ಒಂದೇ ಒಂದು ಅಳತೆಯನ್ನು ನಂಬಿ ನಿರ್ಧರಿಸಬಾರದು, ಏಪ್ರಿಲ್‌ನಲ್ಲಿಯೂ ಅಳೆಯಬೇಕು.

ಅಪಾರ್ಟ್‌ಮೆಂಟ್‌ಗಳಲ್ಲಿ ಇರುವವರಿಗೆ ಇನ್ನೊಂದು ಮಾತು. ಕಟ್ಟಡಕ್ಕೆ ಸಾಫ್ಟ್‌ನರ್ ಇದೆ ಎಂದರೆ ಟಿಡಿಎಸ್ ಇಳಿದಿದೆ ಎಂದರ್ಥವಲ್ಲ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ; ಸೋಪು ಚೆನ್ನಾಗಿ ನೊರೆ ಬರುತ್ತದೆ, ಮೀಟರಿನ ಅಂಕೆ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ.

ಫಿಲ್ಟರಿನ ಭಾಗಗಳ ಬದಲಾವಣೆಯ ವಿಷಯದಲ್ಲಿ ನಾವು ಹೆಚ್ಚು ಎಡವುತ್ತೇವೆ, ಏಕೆಂದರೆ ಕ್ಯಾಲೆಂಡರ್ ನೋಡುತ್ತೇವೆ, ಲೀಟರ್ ಎಣಿಸುವುದಿಲ್ಲ. ನಾಲ್ಕು ಜನರ ಮನೆಯಲ್ಲಿ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 20 ಲೀಟರ್ ಶುದ್ಧ ನೀರು ಬಳಸುತ್ತಾರೆಂದೂ, ಆರ್‌ಒ ಯಂತ್ರ ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ನೀರನ್ನು ಹೊರಬಿಡುತ್ತದೆಂದೂ ಇಟ್ಟುಕೊಳ್ಳೋಣ. ಆಗ ಮೆಂಬ್ರೇನಿಗೆ ಮೊದಲಿರುವ ಕ್ಯಾಂಡಲ್‌ಗಳ ಮೂಲಕ ಹಾಯುವುದು ದಿನಕ್ಕೆ 80 ಲೀಟರ್. ಪೆಟ್ಟಿಗೆಯ ಮೇಲೆ 6000 ಲೀಟರ್ ಎಂದು ಬರೆದಿದ್ದು ಅದು ಒಳಹೋಗುವ ನೀರಿನ ಲೆಕ್ಕವಾಗಿದ್ದರೆ ಕ್ಯಾಂಡಲ್ 75 ದಿನಕ್ಕೆ ಮುಗಿಯುತ್ತದೆ. ಶುದ್ಧ ನೀರಿನ ಲೆಕ್ಕವಾಗಿದ್ದರೆ 300 ದಿನ ಬರುತ್ತದೆ. ಕೊಳ್ಳುವಾಗಲೇ ಇದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.

ಸೆಡಿಮೆಂಟ್ ಕ್ಯಾಂಡಲ್ ಕಂದುಬಣ್ಣಕ್ಕೆ ತಿರುಗಿ, ನೀರು ಸಣ್ಣಗಾಗಿ, ತಾನೇ ಸೂಚನೆ ಕೊಡುತ್ತದೆ. ಕಾರ್ಬನ್ ಹಾಗಲ್ಲ. ಅದು ಮುಗಿದರೂ ಹೊರಗೆ ಏನೂ ಕಾಣುವುದಿಲ್ಲ, ಆದರೆ ಅದನ್ನು ದಾಟಿದ ಕ್ಲೋರಿನ್ ಅತ್ಯಂತ ಬೆಲೆಬಾಳುವ ಭಾಗವಾದ ಮೆಂಬ್ರೇನನ್ನು ಹಾಳುಮಾಡುತ್ತದೆ. ಕಾವೇರಿ ನೀರು ಬರುವ ಮನೆಗಳಲ್ಲಿ ಕಾರ್ಬನ್‌ಗೆ ಹಣ ಉಳಿಸಲು ಹೋಗಿ ಮೆಂಬ್ರೇನ್ ಕಳೆದುಕೊಂಡವರು ಅನೇಕರು. ನಾವೂ ಒಮ್ಮೆ ಕಳೆದುಕೊಂಡೆವು. ಕಾರ್ಬನ್ ದಾಟಿದ ನೀರಿಗೆ ಕ್ಲೋರಿನ್ ಪರೀಕ್ಷೆಯ ಹನಿ ಹಾಕಿ ಹಳದಿ ಬಣ್ಣ ಬರುತ್ತದೆಯೇ ಎಂದು ನೋಡುವುದು ಅಗ್ಗದ ಉಪಾಯ.

ಮೆಂಬ್ರೇನಿನ ಸ್ಥಿತಿಯನ್ನು ತಿಳಿಯಲು ಒಳಬರುವ ಮತ್ತು ಹೊರಬರುವ ಎರಡೂ ನೀರನ್ನು ಒಂದೇ ದಿನ ಅಳೆಯಬೇಕು. ಒಳಗೆ 800, ಹೊರಗೆ 60 ಬಂದರೆ 740 ಕಳೆದಿದೆ, ಅಂದರೆ ಶೇಕಡಾ 92.5. ಇದು ಶೇಕಡಾ 80ರ ಆಸುಪಾಸಿಗೆ ಇಳಿದರೆ ಬದಲಾಯಿಸುವ ಕಾಲ ಬಂದಿದೆ ಎಂದು ತಿಳಿಯಬಹುದು. ಹೊರಬರುವ ಅಂಕೆಯನ್ನಷ್ಟೇ ನೋಡಿದರೆ ತಪ್ಪು ನಿರ್ಣಯಕ್ಕೆ ಬರುತ್ತೇವೆ, ಏಕೆಂದರೆ ಬೇಸಿಗೆಯಲ್ಲಿ ಒಳಬರುವ ಲವಣ ಇಮ್ಮಡಿಯಾದಾಗ ಹೊರಬರುವುದೂ ಇಮ್ಮಡಿಯಾಗುವುದು ಸಹಜ. ಟಿಡಿಎಸ್ ಹೊಂದಿಸುವ ತಿರುಪು ಇರುವ ಯಂತ್ರಗಳಲ್ಲಿ ಸ್ವಲ್ಪ ನೀರು ಮೆಂಬ್ರೇನಿನೊಳಗೆ ಹಾಯದೆ ಪಕ್ಕದಿಂದ ಹೋಗಿ ಶುದ್ಧ ನೀರಿಗೆ ಬೆರೆಯುತ್ತದೆ. ಅಳೆಯುವ ಮುನ್ನ ಅದನ್ನು ಮುಚ್ಚಿಸಬೇಕು, ಇಲ್ಲವಾದರೆ ಚೆನ್ನಾಗಿರುವ ಮೆಂಬ್ರೇನನ್ನೇ ಬಿಸಾಡಿಬಿಡುತ್ತೇವೆ.

ಯುವಿ ದೀಪ ಉರಿಯುತ್ತಿದೆ ಎಂಬುದು ಅದು ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಸುಮಾರು 9000 ಗಂಟೆಗಳ ನಂತರ ನೀಲಿ ಬೆಳಕು ಕಾಣುತ್ತಿದ್ದರೂ ರೋಗಾಣುಗಳನ್ನು ಕೊಲ್ಲುವ ಕಿರಣ ಕುಗ್ಗಿರುತ್ತದೆ. ಸದಾ ಉರಿಯುವ ದೀಪಕ್ಕೆ ಅದು ಒಂದು ವರ್ಷದ ಲೆಕ್ಕ. ತೆರೆದ ದೀಪವನ್ನು ಬರಿಗಣ್ಣಿನಿಂದ ನೋಡಬಾರದು.

ಹೊಸ ಕಾರ್ಬನ್ ಹಾಕಿದಾಗ ಮೊದಲು ಕಪ್ಪು ಪುಡಿ ಬರುತ್ತದೆ, ಅದು ತಿಳಿಯಾಗುವವರೆಗೆ ನೀರು ಹರಿಸಬೇಕು. ಹೊಸ ಮೆಂಬ್ರೇನಿನ ಮೊದಲ ಟ್ಯಾಂಕ್ ನೀರನ್ನು ಕುಡಿಯದೆ ಚೆಲ್ಲಬೇಕು. ಬದಲಾಯಿಸಿದ ದಿನಾಂಕವನ್ನೂ ಆ ದಿನದ ಎರಡು ಅಂಕೆಗಳನ್ನೂ ಒಂದು ಚೀಟಿಯಲ್ಲಿ ಬರೆದು ಯಂತ್ರದ ಪಕ್ಕಕ್ಕೆ ಅಂಟಿಸಿದರೆ ಮುಂದಿನ ಬಾರಿ ಹೋಲಿಸಲು ಆಧಾರವಿರುತ್ತದೆ. ಹೊರಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು. ಕುಂಡದ ಗಿಡಗಳಿಗೆ ದಿನವೂ ಹಾಕಿದರೆ ಮಣ್ಣಿನಲ್ಲಿ ಲವಣ ಕೂಡಿಕೊಂಡು ಎಲೆಯ ಅಂಚು ಸುಡುತ್ತದೆ.