ಅಳು ನಿಲ್ಲಿಸಿದ ಮಗು ಸಮಾಧಾನವಾಗಿದೆ ಅಂತಾನಾ?

ಮಕ್ಕಳನ್ನು ಅಪ್ಪಬೇಡಿ, ಮುದ್ದಿಸಬೇಡಿ, ಬೆಳಿಗ್ಗೆ ಎದ್ದಾಗ ಕೈ ಕುಲುಕಿದರೆ ಸಾಕು. 1928ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ ಪೋಷಕರಿಗೆ ಹೇಳಿದ್ದು ಇದು. ಆಗ ಇದನ್ನೇ ವಿಜ್ಞಾನ ಅಂದುಕೊಂಡಿದ್ದರು.

ಈಗ ಎಳೆಯ ವಯಸ್ಸಿನ ನಂಟು, ದಾಂಪತ್ಯ, ಮುಪ್ಪಿನ ಒಂಟಿತನ ಎಲ್ಲವೂ ಒಂದೇ ಚರ್ಚೆಯಲ್ಲಿ ಬರುತ್ತವೆ. ಇವೆಲ್ಲ ಹೇಗೆ ಹೆಣೆದುಕೊಂಡವು ಎಂದು ತಿಳಿಯಲು ಮಕ್ಕಳ ವಾರ್ಡಿಗೆ ಹೋಗಬೇಕು.

1940ರ ದಶಕದ ಬ್ರಿಟನ್. ಮಗು ಆಸ್ಪತ್ರೆ ಸೇರಿದರೆ ಎಷ್ಟೋ ಕಡೆ ಅಪ್ಪ ಅಮ್ಮ ಬಂದು ನೋಡಲು ಸಿಗುತ್ತಿದ್ದುದು ವಾರಕ್ಕೆ ಒಂದೆರಡು ಗಂಟೆ. ಸೋಂಕಿನ ಭಯ ಒಂದು ಕಾರಣ. ಅಮ್ಮ ಬಂದು ಹೋದರೆ ಮಗು ಜಾಸ್ತಿ ಅಳುತ್ತದೆ, ಬರದಿದ್ದರೆ ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತದೆ ಎಂಬುದು ಇನ್ನೊಂದು.

ಈ 'ಹೊಂದಿಕೊಳ್ಳುವುದು' ಏನೆಂದು ಕೂತು ನೋಡಿದವರು ಸಮಾಜ ಕಾರ್ಯಕರ್ತ ಜೇಮ್ಸ್ ರಾಬರ್ಟ್‌ಸನ್. ಮೊದಲು ಮಗು ಅತ್ತು ಹಠ ಮಾಡುತ್ತದೆ. ಆಮೇಲೆ ಮಂಕಾಗುತ್ತದೆ. ಕೊನೆಗೆ ಶಾಂತವಾಗಿ, ಅಮ್ಮ ಬಂದರೂ ಮುಖ ತಿರುಗಿಸುತ್ತದೆ. ವಾರ್ಡಿನವರು 'ಒಳ್ಳೆಯ ಮಗು' ಎನ್ನುತ್ತಿದ್ದುದು ಹೀಗೆ ಸುಮ್ಮನಾದ ಮಗುವನ್ನೇ. ಗದ್ದಲವಿಲ್ಲದಿದ್ದರೆ ದೊಡ್ಡವರಿಗೆ ಆರಾಮ, ಅಲ್ವಾ?

1952ರಲ್ಲಿ ರಾಬರ್ಟ್‌ಸನ್ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯ ಮೇಲೆ ಚಿತ್ರ ಮಾಡಿದರು. ಬೇಕಾದ್ದನ್ನಷ್ಟೇ ಆರಿಸಿ ತೆಗೆದರು ಎಂದು ಯಾರೂ ಹೇಳಬಾರದೆಂದು ಚಿತ್ರದಲ್ಲಿ ಗೋಡೆ ಗಡಿಯಾರವೂ ಕಾಣುವಂತೆ ನೋಡಿಕೊಂಡರು. ಆ ಹುಡುಗಿ ಜೋರಾಗಿ ಅತ್ತಿದ್ದೇ ಕಡಿಮೆ. ಅಳು ನುಂಗಿಕೊಳ್ಳುವ ಆ ಪುಟ್ಟ ಮುಖ ನೋಡಲಾಗದು. ವೈದ್ಯರ ಸಭೆಯಲ್ಲಿ ಚಿತ್ರ ತೋರಿಸಿದಾಗ ಹಲವರು ಸಿಟ್ಟಾದರು. ಪೋಷಕರು ಯಾವಾಗ ಬೇಕಾದರೂ ಬರಲಿ ಎಂದು ಸರ್ಕಾರಿ ಸಮಿತಿ ಶಿಫಾರಸು ಮಾಡಿದ್ದು 1959ರಲ್ಲಿ. ಅದು ಎಲ್ಲ ವಾರ್ಡುಗಳನ್ನು ಮುಟ್ಟಲು ಇನ್ನೂ ವರ್ಷಗಳೇ ಬೇಕಾದವು.

ರಾಬರ್ಟ್‌ಸನ್ ಜೊತೆಗಾರ, ಮನೋವೈದ್ಯ ಜಾನ್ ಬೌಲ್ಬಿ ಇದನ್ನೆಲ್ಲ, ಮಗುವಿಗೆ ನೆಚ್ಚಿನ ಜೀವದ ನಂಟು ಬೇಕೇಬೇಕು ಎಂಬ ಸಿದ್ಧಾಂತವಾಗಿ ಕಟ್ಟಿದರು. ಈ ನಂಟು ಬರೀ ಹಾಲಿಗಾಗಿ ಅಲ್ಲ ಎಂಬುದಕ್ಕೂ ಪುರಾವೆ ಸಿಕ್ಕಿತು: ಅಮ್ಮನ ಬದಲು ಇಟ್ಟ ಗೊಂಬೆಗಳಲ್ಲಿ ಹಾಲು ಕೊಡುವ ತಂತಿಗೊಂಬೆಗಿಂತ ಮೆತ್ತನೆಯ ಬಟ್ಟೆಗೊಂಬೆಯನ್ನೇ ಕೋತಿಮರಿ ಹೆಚ್ಚು ಹೊತ್ತು ತಬ್ಬಿಕೊಂಡಿರುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಹಾರ್ಲೋ 1958ರಲ್ಲಿ ತೋರಿಸಿದರು.

ಇಲ್ಲೊಂದು ಎಡವಟ್ಟಾಯಿತು. ಮಗುವಿಗೆ ನೆಚ್ಚಿನ ಜೀವ ಬೇಕು ಎಂಬ ಮಾತು, ತಪ್ಪೆಲ್ಲ ಅಮ್ಮನದೇ ಎಂಬಲ್ಲಿಗೆ ಹೋಗಿ ನಿಂತಿತು. ಕೆಲಸಕ್ಕೆ ಹೋಗುವ ತಾಯಂದಿರು ಆ ಭಾರವನ್ನು ಇವತ್ತಿಗೂ ಹೊತ್ತಿದ್ದಾರೆ. ಆ ಜೀವ ಅಮ್ಮನೇ ಆಗಬೇಕಿಲ್ಲ ಎಂದು ಬ್ರಿಟನ್ನಿನ ಮಕ್ಕಳ ಮನೋವೈದ್ಯ ಮೈಕೆಲ್ ರಟ್ಟರ್ 1972ರಲ್ಲೇ ಹೇಳಿದ್ದರು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಗಮನಿಸಿದಾಗಲೂ ಇದೇ ಕಂಡಿತು. ಕಷ್ಟದ ಮನೆಗಳಿಂದ ಬಂದೂ ಚೆನ್ನಾಗಿ ಬೆಳೆದವರಿಗೆ ಅಜ್ಜಿಯೋ ಮೇಷ್ಟ್ರೋ ಯಾರಾದರೊಬ್ಬರು ಆಸರೆಯಾಗಿದ್ದರು.

ಆಮೇಲೆ ಪ್ರಶ್ನೆ ಬಾಲ್ಯ ದಾಟಿತು. 1987ರಲ್ಲಿ ಮನಶ್ಶಾಸ್ತ್ರಜ್ಞರಾದ ಹಜಾನ್ ಮತ್ತು ಶೇವರ್ ದೊಡ್ಡವರ ಪ್ರೀತಿಯಲ್ಲೂ ಅದೇ ಬಗೆಯ ನಂಟನ್ನು ಗುರುತಿಸಿದರು. 2010ರಲ್ಲಿ 148 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಗಟ್ಟಿ ಒಡನಾಟ ಇದ್ದವರು ಬದುಕುಳಿಯುವ ಸಾಧ್ಯತೆ ಸುಮಾರು 50% ಹೆಚ್ಚು ಎಂದು ಕಂಡಿತು.

2020ರಲ್ಲಿ ಕೋವಿಡ್ ಬಂತು. ಹಲವು ದೇಶಗಳ ವೃದ್ಧಾಶ್ರಮಗಳಲ್ಲಿ ಮಕ್ಕಳು ಮೊಮ್ಮಕ್ಕಳು ಕಿಟಕಿಯ ಆಚೆ ನಿಂತು ಕೈ ಬೀಸಿದರು. ಕಾರಣ ಈ ಸಲವೂ ಸೋಂಕು. ಭಯ ನಿಜವೇ ಆಗಿತ್ತು. ಒಳಗೆ ಸುಮ್ಮನೆ ಕೂತ ಮುದುಕರು ಹೊಂದಿಕೊಂಡಿದ್ದಾರೆ ಎಂದು ಮತ್ತೆ ಯಾರೋ ಬರೆದುಕೊಂಡಿರಬಹುದು.