ಕ್ಯಾಮೆರಾ ಹೋದ ಕಡೆಗೇ ದೋಣಿಗಳೂ ಹೋದವು

ಪ್ರಶ್ನೆ: ಭೂಕಂಪ, ಸುನಾಮಿ ಆದಾಗ ದೇಶವಿದೇಶಗಳಿಂದ ರಾಶಿ ರಾಶಿ ನೆರವು ಬರುತ್ತದೆ. ಆದರೂ ಅಲ್ಲಿನ ಜನರ ಕಷ್ಟ ತೀರುವುದಿಲ್ಲ. ಮಧ್ಯದಲ್ಲಿ ತಿನ್ನುವವರು ಜಾಸ್ತಿ ಅಂತಾನಾ?

ತಿನ್ನುವವರು ಇರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಯಾರೂ ಒಂದು ಪೈಸೆ ಮುಟ್ಟದಿದ್ದರೂ ನೆರವು ಹಾಳಾಗಬಹುದು. ಏನು ಕಳಿಸಬೇಕು ಅಂತ ಅಲ್ಲಿನವರನ್ನು ಯಾರೂ ಕೇಳುವುದಿಲ್ಲ. ಟಿವಿ ನೋಡಿ ತೀರ್ಮಾನ ಮಾಡುತ್ತಾರೆ.

2004ರ ಡಿಸೆಂಬರ್ 26ರ ಸುನಾಮಿಯನ್ನೇ ತಗೊಳ್ಳಿ. ಶ್ರೀಲಂಕಾದಲ್ಲಿ ಮೀನುಗಾರರ ದೋಣಿಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಒಡೆದಿದ್ದವು, ಇಲ್ಲವೇ ಕೊಚ್ಚಿಹೋಗಿದ್ದವು. ಒಡೆದ ದೋಣಿ, ಪಕ್ಕದಲ್ಲಿ ತಲೆ ಮೇಲೆ ಕೈ ಹೊತ್ತು ಕೂತ ಮೀನುಗಾರ: ಟಿವಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗುತ್ತದಾ? ದಾನಿಗಳೆಲ್ಲ ದೋಣಿ ಕೊಡಲು ಮುಗಿಬಿದ್ದರು. ದೋಣಿಯನ್ನು ಎಣಿಸಬಹುದು, ಅದರ ಮೇಲೆ ಸಂಸ್ಥೆಯ ಹೆಸರು ಬರೆಸಬಹುದು, ಹಸ್ತಾಂತರದ ಫೋಟೊ ತೆಗೆಸಬಹುದು. ಹೀಗಾಗಿ ಕೆಲವು ಊರುಗಳಲ್ಲಿ ಕಳೆದುಹೋದದ್ದಕ್ಕಿಂತ ಜಾಸ್ತಿ ಸಣ್ಣ ಫೈಬರ್ ದೋಣಿಗಳು ಬಂದವು. ಅವುಗಳಲ್ಲಿ ಎಷ್ಟೋ ಸಮುದ್ರಕ್ಕೆ ಇಳಿಸುವಂತೆಯೇ ಇರಲಿಲ್ಲ. ದೋಣಿ ಹೆಚ್ಚಿದರೆ ದಡದ ಹತ್ತಿರದ ಮೀನು ಹೆಚ್ಚುವುದಿಲ್ಲವಲ್ಲ! ಮೀನು ಒಣಗಿಸಿ, ಮಾರಿ ಬದುಕುತ್ತಿದ್ದ ಹೆಂಗಸರ ಕಡೆಗೆ ಮಾತ್ರ ಹೆಚ್ಚಿನವರು ತಿರುಗಿಯೂ ನೋಡಲಿಲ್ಲ. ಅವರ ಬುಟ್ಟಿ, ತಕ್ಕಡಿ ಕೊಚ್ಚಿಹೋದದ್ದು ಯಾವ ಫೋಟೊದಲ್ಲೂ ಇರಲಿಲ್ಲ.

ಸುನಾಮಿ ಬಡಿದ ಇಂಡೋನೇಷ್ಯಾದ ಅಚೆಹ್ (Aceh) ಪ್ರಾಂತ್ಯಕ್ಕೆ ಬಂದದ್ದು ಸುಮಾರು 4,000 ಟನ್ ಔಷಧಿ. ಅದರಲ್ಲಿ ಶೇ. 60ರಷ್ಟು ಆ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇರಲಿಲ್ಲ. ಬಹಳಷ್ಟರ ಮೇಲಿನ ಬರಹ ಅಲ್ಲಿನ ನರ್ಸ್‌ಗಳು ಓದಲಾಗದ ಭಾಷೆಯಲ್ಲಿತ್ತು. ಇಂಥವನ್ನು ಸುಮ್ನೆ ಬಿಸಾಡುವ ಹಾಗೂ ಇಲ್ಲ, ನಾಶ ಮಾಡುವುದಕ್ಕೂ ದುಡ್ಡು ಬೇಕು. ನಮ್ಮ ಪಕ್ಕದ ತಮಿಳುನಾಡಿನ ನಾಗಪಟ್ಟಿಣದಲ್ಲಿ ಹಳೇ ಬಟ್ಟೆ ರಸ್ತೆ ಬದಿ ಗುಡ್ಡೆಯಾಗಿ ಬಿದ್ದಿತ್ತು. ಇವತ್ತಿಗೆ ಮನೆ ಇಲ್ಲದಿರಬಹುದು, ಯಾರೋ ಉಟ್ಟು ಬಿಟ್ಟದ್ದನ್ನು ಯಾಕೆ ಉಡಬೇಕು ಅಂತ ಮೀನುಗಾರರು ಮುಟ್ಟಲಿಲ್ಲ. ಸರಿಯೇ ಅಲ್ವಾ?

ಇನ್ನೊಂದು ಕಡೆ ನೋಡಿ. ಅದೇ 2004ರಲ್ಲಿ ಬಾಂಗ್ಲಾದೇಶದ ಪ್ರವಾಹದಿಂದ 3.6 ಕೋಟಿ ಜನ ತೊಂದರೆಗೊಳಗಾದರು. ಬಂದ ನೆರವು ತಲೆಗೆ ಸುಮಾರು 3 ಡಾಲರ್. ಸುನಾಮಿಗೆ ಬಂದದ್ದು ತಲೆಗೆ 7,000 ಡಾಲರ್‌ಗಿಂತ ಜಾಸ್ತಿ. ಸುನಾಮಿಯಲ್ಲಿ ಸತ್ತವರು ಎರಡು ಲಕ್ಷ ದಾಟಿದ್ದರು, ನಿಜ. ಆದರೆ ಇಷ್ಟು ಅಂತರಕ್ಕೆ ಅದೊಂದೇ ಕಾರಣವಲ್ಲ. ಕ್ರಿಸ್‌ಮಸ್ ರಜೆ, ಥಾಯ್ಲೆಂಡ್‌ನ ಬೀಚುಗಳಲ್ಲಿ ಯುರೋಪಿನ ಪ್ರವಾಸಿಗರು, ಅವರ ಕೈಯಲ್ಲಿ ವಿಡಿಯೊ ಕ್ಯಾಮೆರಾ. ಬಾಂಗ್ಲಾದ ನೀರು ನಿಧಾನವಾಗಿ ಏರಿ ನಿಧಾನವಾಗಿ ಇಳಿಯಿತು. ಅದರಲ್ಲಿ ಬ್ರೇಕಿಂಗ್ ನ್ಯೂಸ್ ಎಲ್ಲಿ?

ಹಾಗಾದರೆ ಕೊಡುವುದು ಹೇಗೆ? ವಸ್ತು ಬೇಡ, ದುಡ್ಡು ಕೊಡಿ. ಅನಾಹುತಕ್ಕೆ ಮುಂಚಿನಿಂದಲೂ ಆ ಊರಲ್ಲಿ ಕೆಲಸ ಮಾಡುತ್ತಿರುವವರಿಗೆ ಕೊಡಿ. ಸಾಧ್ಯವಾದರೆ ಅರ್ಧವನ್ನು ಆರು ತಿಂಗಳ ನಂತರ, ಟಿವಿಯವರು ಜಾಗ ಖಾಲಿ ಮಾಡಿದ ಮೇಲೆ ಕೊಡಿ. ಇದಕ್ಕೇ ಖರ್ಚಾಗಬೇಕು ಅಂತ ಷರತ್ತು ಹಾಕಬೇಡಿ. ವೈದ್ಯರ ಅಂತಾರಾಷ್ಟ್ರೀಯ ಸಂಸ್ಥೆ ಎಂಎಸ್ಎಫ್ (‘ಗಡಿಯಿಲ್ಲದ ವೈದ್ಯರು’) ಸುನಾಮಿಯಾದ ಸುಮಾರು ಒಂದು ವಾರಕ್ಕೇ ‘ನಮ್ಮ ಕೆಲಸಕ್ಕೆ ಬೇಕಾದಷ್ಟು ಬಂತು, ಇದಕ್ಕೆ ಇನ್ನು ಕಳಿಸಬೇಡಿ’ ಎಂದಿತು. ದುಡ್ಡು ಬೇಡ ಅನ್ನುತ್ತಾರಲ್ಲ ಅಂತ ಬೇರೆ ಸಂಸ್ಥೆಗಳೇ ಸಿಟ್ಟಾದವು. ಉಳಿದದ್ದನ್ನು ಬೇರೆ ಕಡೆ ಬಳಸಬಹುದೇ ಎಂದು ಅದು ದಾನಿಗಳನ್ನು ಕೇಳಿತು. ಬಹುತೇಕರು ಒಪ್ಪಿದರು. ನೈಜರ್‌ನ ಹಸಿದ ಮಕ್ಕಳಿಗೆ, ಸುಡಾನಿನ ಡಾರ್ಫುರ್‌ಗೆ ಆ ದುಡ್ಡು ಹೋಯಿತು.