ಪದ ಪರಿಚಯ: ಪ್ರಾರಬ್ಧ

ವ್ಯಾಪಾರ ಮುಳುಗಿದರೆ "ನನ್ನ ಪ್ರಾರಬ್ಧ". ಮಗ ಮಾತು ಕೇಳದಿದ್ದರೆ "ಎಲ್ಲಾ ನನ್ನ ಪ್ರಾರಬ್ಧ ಕರ್ಮ". ನಮ್ಮ ಮನೆಗಳಲ್ಲಿ ಈ ಪದ ನಿಟ್ಟುಸಿರಿನ ಜೊತೆಗೇ ಬರುತ್ತದೆ. ಹಣೆಬರಹ ಅಂದರೂ ಇದೇ, ಪ್ರಾರಬ್ಧ ಅಂದರೂ ಇದೇ ಎಂದು ನಾವು ಅಂದುಕೊಂಡಿದ್ದೇವೆ. ವೇದಾಂತದಲ್ಲಿ ಇದರ ಅಳತೆ ಅಷ್ಟು ದೊಡ್ಡದಲ್ಲ.

ಅಲ್ಲಿ ಕರ್ಮಕ್ಕೆ ಮೂರು ಪಾಲು. ಹಿಂದಿನಿಂದ ಕೂಡಿಟ್ಟುಕೊಂಡು ಬಂದದ್ದು ಸಂಚಿತ. ಅದರಲ್ಲಿ ಈಗಾಗಲೇ ಫಲ ಕೊಡಲು ಶುರು ಮಾಡಿರುವ ಭಾಗ ಪ್ರಾರಬ್ಧ. ಈಗ ನಾವು ಮಾಡುತ್ತಾ ಮುಂದಕ್ಕೆ ಕಟ್ಟಿಕೊಳ್ಳುವುದು ಆಗಾಮಿ. ಇದಕ್ಕೆ ಹಿಂದಿನವರು ಬಾಣದ ಹೋಲಿಕೆ ಕೊಡುತ್ತಿದ್ದರು. ಬತ್ತಳಿಕೆಯಲ್ಲಿರುವ ಬಾಣ ಸಂಚಿತ, ಬಿಟ್ಟ ಬಾಣ ಪ್ರಾರಬ್ಧ, ಬಿಲ್ಲಿಗೆ ಹೂಡುತ್ತಿರುವುದು ಆಗಾಮಿ. ತಡೆಯಲಾಗದ್ದು ಬಿಟ್ಟ ಬಾಣ ಮಾತ್ರ.

ಈ ಪದವನ್ನು ತುಂಬಾ ಹತ್ತಿರದಿಂದ ನೋಡಿದ ಪುಸ್ತಕ 'ಪಂಚದಶೀ'. ಶೃಂಗೇರಿಯ ವಿದ್ಯಾರಣ್ಯರ ಹೆಸರಿನಲ್ಲಿ ಪ್ರಸಿದ್ಧವಾದ, 14ನೇ ಶತಮಾನದ ಕೃತಿ. ಅದರ 7ನೇ ಪ್ರಕರಣ 'ತೃಪ್ತಿದೀಪ' ಪ್ರಾರಬ್ಧವನ್ನೇ ಮೂರು ಬಗೆ ಮಾಡುತ್ತದೆ: ಇಚ್ಛಾ, ಅನಿಚ್ಛಾ, ಪರೇಚ್ಛಾ. ಬೇಡವೆಂದರೂ ಯಾರೋ ಎಳೆದಂತೆ ಮಾಡಿಬಿಡುವುದು ಅನಿಚ್ಛಾ. ಬೇರೆಯವರ ದಾಕ್ಷಿಣ್ಯಕ್ಕೆ ಸಿಕ್ಕಿ ಅನುಭವಿಸುವುದು ಪರೇಚ್ಛಾ. ಇವೆರಡೂ ನಮಗೆ ಸುಲಭವಾಗಿ ಅರ್ಥವಾಗುತ್ತವೆ, ಅಲ್ವಾ?

ಕಷ್ಟದ್ದು ಮೊದಲನೆಯದು. ಇಚ್ಛಾ ಪ್ರಾರಬ್ಧಕ್ಕೆ ಕೊಟ್ಟಿರುವ ಉದಾಹರಣೆಗಳು ಹೀಗಿವೆ: ಪಥ್ಯ ಮುರಿದು ತಿನ್ನುವ ರೋಗಿ, ಕಳ್ಳ, ರಾಜನ ಹೆಂಡತಿಯ ಮೋಹಕ್ಕೆ ಬಿದ್ದವನು. ಮುಂದೆ ಏನು ಕಾದಿದೆ ಎಂದು ಮೂವರಿಗೂ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಬಯಸುತ್ತಾರೆ. ಅಂದರೆ ವಿಧಿ ಯಾವಾಗಲೂ ಹೊರಗಿನಿಂದ ಬಂದು ಹೊಡೆಯುವುದಿಲ್ಲ. "ಇದು ನನಗೆ ಬೇಕು" ಅನ್ನುವ ಆಸೆಯಾಗಿ ನಮ್ಮೊಳಗಿನಿಂದಲೇ ಏಳುತ್ತದೆ. ಸುಖದ ಬೆನ್ನು ಹತ್ತುವುದರಲ್ಲಿರುವ ಅಪಾಯವನ್ನು ಇದಕ್ಕಿಂತ ನೇರವಾಗಿ ಹೇಳಿದ ಮಾತು ನನಗೆ ಸಿಕ್ಕಿಲ್ಲ.

ಅದೇ ಪ್ರಕರಣ ಇನ್ನೊಂದು ಮಾತು ಹೇಳುತ್ತದೆ. ಆಗಲೇಬೇಕಾದದ್ದಕ್ಕೆ ಪರಿಹಾರ ಇದ್ದಿದ್ದರೆ ನಳ, ರಾಮ, ಯುಧಿಷ್ಠಿರರು ದುಃಖಪಡುತ್ತಿರಲಿಲ್ಲವಂತೆ. ಯುಧಿಷ್ಠಿರನ ಕಥೆ ನೋಡಿ. ಜೂಜು ಜಗಳ ತರುತ್ತದೆ ಎಂದು ಕರೆಯಲು ಬಂದ ವಿದುರನಿಗೆ ಅವನೇ ಹೇಳುತ್ತಾನೆ. ಆದರೂ ಹೋಗುತ್ತಾನೆ. ಎಲ್ಲ ಸೋತು, ಹೇಗೋ ಬಿಡುಗಡೆಯಾದ ಮೇಲೆ ಎರಡನೇ ಸಲವೂ ಹೋಗುತ್ತಾನೆ. ವನವಾಸದಲ್ಲಿ ಭೀಮ ಚುಚ್ಚಿದಾಗ ಒಪ್ಪಿಕೊಳ್ಳುತ್ತಾನೆ: ದುರ್ಯೋಧನನ ರಾಜ್ಯ ಗೆಲ್ಲುವ ಆಸೆಯಿಂದಲೇ ದಾಳ ಹಿಡಿದೆ ಎಂದು. ಆ ಒಪ್ಪಿಗೆ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ವಿಧಿಯ ಮೇಲೆ ಹಾಕಿ ಸುಮ್ನೆ ಕೂರಬಹುದಿತ್ತು. ಅವನು ತನ್ನ ಆಸೆಯ ಹೆಸರನ್ನೂ ಹೇಳಿದ.

ಹಾಗಾದರೆ ಕಳ್ಳನದೂ ಪ್ರಾರಬ್ಧ ಅಂತ ಬಿಟ್ಟುಬಿಡೋಣವೇ? ಇಲ್ಲ. ಕದಿಯುವ ಆಸೆ ಹಳೆಯದಿರಬಹುದು, ಇವತ್ತಿನ ಕಳವು ಆಗಾಮಿಯ ಲೆಕ್ಕಕ್ಕೇ ಸೇರುತ್ತದೆ.

ಸುಖ ಪಡುವುದೇ ತಪ್ಪು ಎಂದು 'ತೃಪ್ತಿದೀಪ' ಹೇಳುವುದಿಲ್ಲ. ಅನುಭವಿಸಿದರೆ ಪ್ರಾರಬ್ಧ ತೀರಿಹೋಗುತ್ತದೆ, ಅಷ್ಟೇ. ತೊಂದರೆ ಶುರುವಾಗುವುದು ಬೇರೆ ಕಡೆ: ಈ ಭೋಗ ಹಾಳಾಗದಿರಲಿ, ಇನ್ನೂ ಜಾಸ್ತಿಯಾಗಲಿ, ಇದಕ್ಕೆ ಅಡ್ಡಿ ಬಾರದಿರಲಿ, ಇದರಿಂದಲೇ ನಾನು ಧನ್ಯ ಎಂದುಕೊಂಡಾಗ. ಇದನ್ನೇ ಅದು ಭ್ರಮೆ ಎಂದು ಕರೆಯುತ್ತದೆ. ಒಂದೇ ಊಟ, ಒಂದೇ ಮನೆ. ಒಬ್ಬನಿಗೆ ಅದು ನೆಮ್ಮದಿ, ಇನ್ನೊಬ್ಬನಿಗೆ ಕಳೆದುಹೋದೀತೆಂಬ ಭಯ.

ಇನ್ನು ಬಳಕೆಯ ಮಾತು. ಹುಟ್ಟಿದ ಮನೆ, ಬಂದ ಮೈಕಟ್ಟು, ಆಗಿಹೋದ ನಷ್ಟ, ಇವನ್ನು ಪ್ರಾರಬ್ಧ ಎನ್ನಬಹುದು. ಸಹಿ ಹಾಕದ ಸಾಲಪತ್ರಕ್ಕೆ, ಇನ್ನೂ ಒಪ್ಪದ ಮದುವೆಗೆ ಆ ಪದ ಹೊಂದುವುದಿಲ್ಲ. ಅಲ್ಲಿ ಬಾಣ ಇನ್ನೂ ಕೈಯಲ್ಲೇ ಇದೆ.